ಪ್ಲೇಸ್ಟೇಷನ್ 2ರ ಗ್ರಾಫಿಕ್ಸ್: ನಾಲ್ಕು ಮೆಗಾಬೈಟಿನೊಳಗೆ ಚೆಂದ ಮಾಡಿದವರು

ಕಳೆದ ಭಾನುವಾರ ಬದಿಯಡ್ಕದಲ್ಲಿ ನಾವು ಸೇರಿದಾಗ ಒಂದು ಮಾತು ಅರ್ಧಕ್ಕೇ ನಿಂತಿತ್ತು. ಟಿವಿಗೆ ಜೋಡಿಸಿ ಆಡುವ ಸೋನಿಯ ಆಟದ ಯಂತ್ರ ಪ್ಲೇಸ್ಟೇಷನ್ 2ರಲ್ಲಿ ಎಲ್ಲಕ್ಕಿಂತ ಚೆಂದದ ಗ್ರಾಫಿಕ್ಸ್ ಇದ್ದ ಆಟ ಯಾವುದು? ಒಬ್ಬರು ಗಾಡ್ ಆಫ್ ವಾರ್ 2 ಅಂದರು. ಇನ್ನೊಬ್ಬರು ಗ್ರಾನ್ ಟುರಿಸ್ಮೊ 4 ಅಂದರು. ಆಮೇಲೆ ಇಬ್ಬರೂ ಬಿಟ್ಟುಕೊಡಲಿಲ್ಲ, ಕೊನೆಯ ಬಸ್ಸಿನ ಹೊತ್ತಾಯಿತು. ಕಂಪ್ಯೂಟರಿನಲ್ಲಿ 3ಡಿ ಚಿತ್ರ ಮಾಡುವ ಬ್ಲೆಂಡರ್ ಎಂಬ ತಂತ್ರಾಂಶ ಕಲಿಯುತ್ತಿರುವ ನಮಗೆ ಇದು ಬರೀ ಹರಟೆಯ ವಿಷಯ ಅಲ್ಲ. ಕೈಯಲ್ಲಿ ಇರುವಷ್ಟರಲ್ಲೇ ಕಣ್ಣಿಗೆ ಹಬ್ಬ ಮಾಡುವುದು ಹೇಗೆ ಅಂತ ಈ ಆಟಗಳು ಕಲಿಸುತ್ತವೆ. ಹಾಗಾಗಿ ನಾನು ಓದಿದ್ದು, ಆಡಿ ನೋಡಿದ್ದು ಎಲ್ಲವನ್ನೂ ಸೇರಿಸಿ ಬರೆದಿದ್ದೇನೆ.

ನಮ್ಮ ಕಾಸರಗೋಡು ಕಡೆಗೆ ಈ ಯಂತ್ರ ಹೆಚ್ಚಾಗಿ ಬಂದದ್ದು ಗಲ್ಫಿನ ಪೆಟ್ಟಿಗೆಗಳಲ್ಲಿ. ನಮ್ಮ ಮನೆಗೂ ಹಾಗೇ. ಮಾವ ದುಬೈಯಿಂದ ಊರಿಗೆ ಬಂದಾಗ ಪೆಟ್ಟಿಗೆಯಲ್ಲಿ ಸೆಂಟಿನ ಬಾಟ್ಲಿ, ಖರ್ಜೂರ, ಹಾಲಿನ ಪುಡಿಯ ಡಬ್ಬಿ, ಇವುಗಳ ನಡುವೆ ಲುಂಗಿಯಲ್ಲಿ ಸುತ್ತಿದ ಕಪ್ಪು ಯಂತ್ರ. 2000ದ ಮಾರ್ಚ್ 4ರಂದು ಜಪಾನಿನಲ್ಲಿ ಮಾರಾಟ ಶುರುವಾದ ಈ ಯಂತ್ರ, ಒಟ್ಟು 15 ಕೋಟಿಗೂ ಜಾಸ್ತಿ ಮಾರಾಟವಾಯಿತು.

ಮೊದಲು ಲೆಕ್ಕ

ಆಟಗಳ ಹೆಸರಿಗೆ ಹೋಗುವ ಮೊದಲು ಯಂತ್ರದ ಒಳಗೆ ಒಮ್ಮೆ ಇಣುಕಿ ನೋಡೋಣ. ಇದು ಗೊತ್ತಿಲ್ಲದೆ ಯಾವ ಆಟ ಮೇಲು ಅಂತ ಹೇಳಲು ಆಗುವುದಿಲ್ಲ.

ಮುಖ್ಯ ಪ್ರೊಸೆಸರ್ ಹೆಸರು ಎಮೋಷನ್ ಎಂಜಿನ್. ವೇಗ ಸುಮಾರು 294 ಮೆಗಾಹರ್ಟ್ಸ್. ಅದರ ಜೊತೆ 32 ಮೆಗಾಬೈಟ್ ಮೆಮೊರಿ. ಚಿತ್ರ ಬರೆಯುವ ಚಿಪ್ ಬೇರೆ, ಅದರ ಹೆಸರು ಗ್ರಾಫಿಕ್ಸ್ ಸಿಂಥಸೈಜರ್. ವೇಗ ಸುಮಾರು 147 ಮೆಗಾಹರ್ಟ್ಸ್. ಈ ಚಿಪ್ಪಿನ ಹೊಟ್ಟೆಯೊಳಗೇ ಅದರ ಸ್ವಂತ ಮೆಮೊರಿ ಇದೆ, ಅದು ಬರೀ 4 ಮೆಗಾಬೈಟ್.

ಅದು ಎಷ್ಟು ಕಡಿಮೆ ಅಂತ ಕಾಗದದ ಮೇಲೆ ಹಾಕಿ ನೋಡಿ. ಪರದೆ 640 ಅಗಲ, 448 ಎತ್ತರ ಅಂತಿಟ್ಟುಕೊಳ್ಳೋಣ. ಗುಣಿಸಿದರೆ 2,86,720 ಚುಕ್ಕಿಗಳು. ಒಂದು ಚುಕ್ಕಿಗೆ 4 ಬೈಟ್. ಅಂದರೆ ಒಂದು ಚಿತ್ರಕ್ಕೇ ಸುಮಾರು 1.1 ಮೆಗಾಬೈಟ್. ತೋರಿಸುತ್ತಿರುವ ಚಿತ್ರ ಒಂದು, ಹಿಂದೆ ತಯಾರಾಗುತ್ತಿರುವ ಚಿತ್ರ ಇನ್ನೊಂದು, ಯಾವ ವಸ್ತು ಮುಂದೆ ಯಾವುದು ಹಿಂದೆ ಅಂತ ಲೆಕ್ಕ ಇಡುವ ಝಡ್ ಬಫರ್ ಮೂರನೆಯದು. ಮೂರೂ ಸೇರಿ 3.3 ಮೆಗಾಬೈಟ್ ಹೋಯಿತು. ಉಳಿದದ್ದು 0.7. ಗೋಡೆ, ನೆಲ, ಮುಖ, ಬಟ್ಟೆ, ಮರ, ಎಲ್ಲದರ ಟೆಕ್ಸ್ಚರ್, ಅಂದರೆ ಮೇಲ್ಮೈಗೆ ಅಂಟಿಸುವ ಚಿತ್ರ, ಅಷ್ಟರೊಳಗೆ ಕೂರಬೇಕು!

ಕೂರುವುದಿಲ್ಲ. ಹಾಗಾಗಿ ಆಟ ಬರೆಯುವವರು ಹಳೆಯ ಮನೆಯ ಅಡುಗೆಮನೆಯ ಹಾಗೆ ಮಾಡಿದರು. ಅಕ್ಕಿ ಮೂಟೆ ಅಟ್ಟದಲ್ಲಿ, ಒಲೆಯ ಪಕ್ಕ ಒಂದು ಸಣ್ಣ ಡಬ್ಬಿ. ಅಟ್ಟ ಅಂದರೆ ಆ 32 ಮೆಗಾಬೈಟ್ ಮೆಮೊರಿ, ಡಬ್ಬಿ ಅಂದರೆ ಈ 4 ಮೆಗಾಬೈಟ್. ಬೇಕಾದಷ್ಟು ತಂದು ಡಬ್ಬಿಗೆ ಸುರಿ, ಖಾಲಿಯಾದ ಕೂಡಲೇ ಮತ್ತೆ ತಾ. ಅಟ್ಟದಿಂದ ಒಲೆಗೆ ಬರುವ ದಾರಿ ಸೆಕೆಂಡಿಗೆ 1.2 ಗಿಗಾಬೈಟ್ ಸಾಗಿಸುತ್ತದೆ. ಸೆಕೆಂಡಿಗೆ 60 ಚಿತ್ರ ಅಂದರೆ, ಒಂದು ಚಿತ್ರಕ್ಕೆ ಹೆಚ್ಚೆಂದರೆ 20 ಮೆಗಾಬೈಟ್. ಅದೇ ದಾರಿಯಲ್ಲಿ ಪಾಲಿಗಾನ್‌ಗಳೂ, ಅಂದರೆ ಆಕಾರ ಕಟ್ಟುವ ಸಣ್ಣ ತ್ರಿಕೋನಗಳೂ, ಬರಬೇಕು. ಈ ಓಡಾಟವನ್ನು ಚೆನ್ನಾಗಿ ಹೊಂದಿಸಿದವರ ಆಟ ಚೆಂದ ಕಂಡಿತು.

ಇನ್ನೊಂದು ಉಪಾಯ ಪ್ಯಾಲೆಟ್, ಅಂದರೆ ಕೆಲವೇ ಬಣ್ಣಗಳ ಪಟ್ಟಿ ಇಟ್ಟುಕೊಂಡು ಅದರಿಂದಲೇ ಚಿತ್ರ ಬರೆಯುವುದು. 256 ಅಗಲ, 256 ಎತ್ತರದ ಟೆಕ್ಸ್ಚರ್ ಪೂರ್ತಿ ಬಣ್ಣದಲ್ಲಿ ಇಟ್ಟರೆ 256 ಕಿಲೋಬೈಟ್. ಬರೀ 16 ಬಣ್ಣಗಳಲ್ಲಿ ಇಟ್ಟರೆ 32 ಕಿಲೋಬೈಟ್. ಎಂಟರಲ್ಲಿ ಒಂದು ಪಾಲು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇಷ್ಟು ಹೊತ್ತು ಬಡತನದ ಮಾತಾಯಿತು. ಇನ್ನು ಶ್ರೀಮಂತಿಕೆ. ಆ 4 ಮೆಗಾಬೈಟ್ ಸಣ್ಣದಾದರೂ ವೇಗ ಸೆಕೆಂಡಿಗೆ 48 ಗಿಗಾಬೈಟ್. ಆ ಕಾಲಕ್ಕೆ ಇದು ಬಹಳ ದೊಡ್ಡ ಸಂಖ್ಯೆ. ಇದರಿಂದ ಏನಾಯಿತು ಅಂದರೆ, ಒಂದರ ಮೇಲೊಂದು ಅರೆಪಾರದರ್ಶಕ ಪದರ ಬಳಿಯುವುದು ಈ ಯಂತ್ರಕ್ಕೆ ನೀರು ಕುಡಿದಷ್ಟು ಸುಲಭ. ಹೊಗೆ, ಮಂಜು, ಮಳೆ, ಕಿಡಿ, ಬೆಳಕಿನ ಹೊಳಪು, ಎಲ್ಲವೂ ಪದರಗಳೇ ಅಲ್ವಾ? ಈಗಿನ ಹಾಗೆ ಒಂದೊಂದು ಚುಕ್ಕಿಯ ಬಣ್ಣವನ್ನೂ ಲೆಕ್ಕ ಹಾಕುವ ಸಣ್ಣ ಪ್ರೋಗ್ರಾಂ, ಅಂದರೆ ಪಿಕ್ಸೆಲ್ ಶೇಡರ್, ಇರಲಿಲ್ಲ. ಬೇಕಾದ ಪರಿಣಾಮ ಸಿಗುವವರೆಗೆ ಅದೇ ಜಾಗಕ್ಕೆ ಎರಡನೇ ಸಲ, ಮೂರನೇ ಸಲ ಬಳಿಯಬೇಕು. ಗೋಡೆಗೆ ಸುಣ್ಣ ಹೊಡೆದ ಹಾಗೆ.

ನನ್ನ ಅಳತೆಗೋಲು ಇಲ್ಲಿಂದಲೇ ಹುಟ್ಟಿದ್ದು. ಯಾವ ಆಟ ಟೆಕ್ಸ್ಚರಿನ ಬಡತನವನ್ನು ಮುಚ್ಚಿ, ಪದರಗಳ ಶ್ರೀಮಂತಿಕೆಯನ್ನು ಎದುರಿಗೆ ತಂದಿತೋ ಅದೇ ಒಳ್ಳೆಯ ಗ್ರಾಫಿಕ್ಸ್. ಪಾಲಿಗಾನ್ ಎಣಿಕೆ ಆಮೇಲೆ.

ಮಳೆಯ ಹಡಗು

ಮೆಟಲ್ ಗೇರ್ ಸಾಲಿಡ್ 2 ಬಂದದ್ದು 2001ರ ನವೆಂಬರಿನಲ್ಲಿ. ಯಂತ್ರಕ್ಕೆ ಎರಡು ವರ್ಷವೂ ತುಂಬಿರಲಿಲ್ಲ. ಮೊದಲ ಭಾಗ ನಡೆಯುವುದು ರಾತ್ರಿ, ನ್ಯೂಯಾರ್ಕಿನ ಹತ್ತಿರ, ಸುರಿಯುವ ಮಳೆಯಲ್ಲಿ, ಒಂದು ಹಡಗಿನ ಮೇಲೆ.

ನಾನು ಅದನ್ನು ಮೊದಲ ಸಲ ಆಡಿದ್ದು ಜೂನ್ ತಿಂಗಳಲ್ಲಿ. ಹೊರಗೆ ಹಂಚಿನ ಮೇಲೆ ಮಳೆ, ಒಳಗೆ 21 ಇಂಚಿನ ಟಿವಿಯಲ್ಲಿ ಮಳೆ. ನಮ್ಮೂರಿನವರಿಗೆ ಮಳೆಯ ವಿಷಯದಲ್ಲಿ ಮೋಸ ಮಾಡುವುದು ಕಷ್ಟ. ಅಮ್ಮ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿ, "ಗಾಳಿ ಆಚೆಯಿಂದ ಬರ್ತಾ ಉಂಟು" ಅಂದರು. ಮಳೆ ಓರೆಯಾಗಿ ಬೀಳುತ್ತಿತ್ತು, ಗಾಳಿ ಯಾವ ಕಡೆಯದು ಅಂತ ಅವರಿಗೆ ತಿಳಿಯಿತು. ಆಟ ಆಡದವರಿಗೂ ಅಷ್ಟು ಗೊತ್ತಾಗಬೇಕಾದರೆ ಮಾಡಿದವರು ಎಷ್ಟು ಗಮನ ಕೊಟ್ಟಿರಬೇಕು!

ಕಲಿಯುವವರ ಕಣ್ಣಿನಿಂದ ಈ ದೃಶ್ಯ ನೋಡಿ. ರಾತ್ರಿ, ಹಾಗಾಗಿ ದೂರದ ವಸ್ತುಗಳನ್ನು ಕತ್ತಲೆ ನುಂಗುತ್ತದೆ. ಅಷ್ಟು ಪಾಲಿಗಾನ್ ಉಳಿಯಿತು. ಹಡಗು ಕಬ್ಬಿಣದ್ದು, ಎಲ್ಲ ಕಡೆ ಬೂದು ಮತ್ತು ಹಸಿರು ಮಿಶ್ರಿತ ಬೂದು. ಇಂಥ ಕಡೆ 16 ಬಣ್ಣದ ಪ್ಯಾಲೆಟ್ ಸಾಕು, ಕೊರತೆ ಕಾಣುವುದಿಲ್ಲ. ಮಳೆಯ ಗೆರೆ, ನೆಲಕ್ಕೆ ಬಿದ್ದು ಸಿಡಿಯುವ ಹನಿ, ದೀಪದ ಸುತ್ತ ಮಬ್ಬು, ಇವೆಲ್ಲ ಯಂತ್ರಕ್ಕೆ ಸುಲಭವಾದ ಪದರದ ಕೆಲಸ. ಕಥೆ, ಜಾಗ, ಹವಾಮಾನ ಮೂರೂ ಚಿಪ್ಪಿನ ಬಲಕ್ಕೆ ಹೇಳಿ ಮಾಡಿಸಿದಂತೆ ಇವೆ. ಇಷ್ಟೆಲ್ಲ ಆಗುವಾಗಲೂ ಸೆಕೆಂಡಿಗೆ 60 ಚಿತ್ರ.

2004ರಲ್ಲಿ ಬಂದ ಮೆಟಲ್ ಗೇರ್ ಸಾಲಿಡ್ 3 ಕಾಡಿಗೆ ಹೋಯಿತು. ಅಲ್ಲಿ 60 ಇಲ್ಲ, 30. ಕಾರಣ ಎಲೆ. ಅಡಿಕೆ ಸೋಗೆಯ ಚಿತ್ರವನ್ನು ಒಂದು ಚಪ್ಪಟೆ ಹಲಗೆಗೆ ಅಂಟಿಸಿ, ಗರಿಗಳ ನಡುವಿನ ಜಾಗವನ್ನು ಪಾರದರ್ಶಕ ಮಾಡಿದರೆ ಹೇಗೋ ಹಾಗೆ ಅಲ್ಲಿನ ಗಿಡಮರ. ಅಂಥ ಹಲಗೆಗಳು ಸಾಲು ಸಾಲು. ಕಾಡು ನಿಜಕ್ಕೂ ದಟ್ಟವಾಗಿ ಕಾಣುತ್ತದೆ, ಆದರೆ ಅದಕ್ಕೆ ಅರ್ಧ ವೇಗ ಕೊಡಬೇಕಾಯಿತು.

ಬೇಕಲ ಕೋಟೆಯ ಬೆಳಕು

ಶ್ಯಾಡೊ ಆಫ್ ದಿ ಕೊಲೊಸಸ್, 2005. ಒಬ್ಬ ಹುಡುಗ, ಒಂದು ಕುದುರೆ, 16 ದೈತ್ಯರು. ನೀವು ಬೇಕಲ ಕೋಟೆಯ ಸುರಂಗದಿಂದ ಹೊರಗೆ ಬಂದಿದ್ದೀರಿ ಅಲ್ವಾ? ಕತ್ತಲೆಯಿಂದ ಹೊರಬಿದ್ದ ಕೂಡಲೇ ಸಮುದ್ರ, ಆಕಾಶ ಎಲ್ಲ ಬೆಳ್ಳಗೆ ಕುಕ್ಕುತ್ತದೆ. ಎರಡು ಕ್ಷಣದ ಮೇಲೆ ಕಣ್ಣು ಹೊಂದಿಕೊಂಡು ಕೆಂಪು ಕಲ್ಲಿನ ಗೋಡೆ ಕಾಣಿಸುತ್ತದೆ. ಈ ಆಟದ ದೇವಾಲಯದಿಂದ ಹೊರಗೆ ಬರುವಾಗ ಅದೇ ಅನುಭವ. ಇದಕ್ಕೆ ಬೇಕಾದ ಹಾರ್ಡ್‌ವೇರ್ ಈ ಯಂತ್ರದಲ್ಲಿ ಇಲ್ಲ. ಬರೆದ ಚಿತ್ರವನ್ನೇ ಮತ್ತೆ ಟೆಕ್ಸ್ಚರ್ ಆಗಿ ತೆಗೆದುಕೊಂಡು, ಮಸುಕು ಮಾಡಿ, ಅದೇ ಚಿತ್ರದ ಮೇಲೆ ಬಳಿದರೆ ಬೆಳಕು ಉಕ್ಕಿ ಹರಿದ ಹಾಗೆ ಕಾಣುತ್ತದೆ. ವೇಗವಾಗಿ ಚಲಿಸುವಾಗಿನ ಮಸುಕೂ ಇಂಥದೇ ಮರುಬಳಕೆ.

ದೈತ್ಯರ ಮೈಯ ರೋಮ ನೋಡಿ. ಒಂದೊಂದು ಕೂದಲನ್ನೂ ಮಾಡಿಲ್ಲ. ಚರ್ಮದ ಮೇಲೆ ಚುಕ್ಕಿ ಚುಕ್ಕಿಯಾಗಿರುವ ಪಾರದರ್ಶಕ ಪೊರೆ, ಅದರ ಮೇಲೆ ಸ್ವಲ್ಪ ಎತ್ತರದಲ್ಲಿ ಇನ್ನೊಂದು ಪೊರೆ, ಅದರ ಮೇಲೆ ಮತ್ತೊಂದು. ಸ್ವಲ್ಪ ದೂರದಿಂದ ಕಣ್ಣು ಅದನ್ನು ರೋಮ ಅಂತಲೇ ಓದುತ್ತದೆ. ಬ್ಲೆಂಡರಿನಲ್ಲಿ ಇದನ್ನು ಮಾಡಿ ನೋಡಿ. ಅರ್ಧ ಗಂಟೆ ಸಾಕು, ಕಲಿಯುವುದು ತುಂಬ ಇದೆ.

ಆದರೆ ಈ ಆಟದಲ್ಲಿ ಚಿತ್ರಗಳ ವೇಗ ಆಗಾಗ 20ಕ್ಕಿಂತ ಕೆಳಗೆ ಇಳಿಯುತ್ತದೆ. ಯಂತ್ರದ ಶಕ್ತಿ ಮೀರಿ ಕೇಳಿದ್ದಾರೆ. ನೋಡುವವರಿಗೆ ಅಷ್ಟಾಗಿ ಗೊತ್ತಾಗದಿದ್ದರೂ ಆಡುವ ಕೈಗೆ ಗೊತ್ತಾಗುತ್ತದೆ.

ಉಳಿದವು

ಗ್ರಾನ್ ಟುರಿಸ್ಮೊ 4 ಜಪಾನಿನಲ್ಲಿ 2004ರ ಕೊನೆಗೆ ಬಂತು. 700ಕ್ಕೂ ಹೆಚ್ಚು ಕಾರು. 1080 ಸಾಲುಗಳ ಚಿತ್ರ ಕೊಡುವ 1080ಐ ಎಂಬ ಮೋಡ್ ಕೂಡ ಇತ್ತು. ಆದರೆ ಒಳಗೆ ಬರೆಯುತ್ತಿದ್ದದ್ದು 640 ಅಗಲ, 540 ಎತ್ತರದ ಚಿತ್ರ. ಕಾರಿನ ಮೈಮೇಲೆ ಆಕಾಶ ಜಾರುವ ಹೊಳಪು ಅದ್ಭುತ. ಪಕ್ಕದ ಮರ ಮತ್ತು ಜನ ಮಾತ್ರ ಕಾಗದದಲ್ಲಿ ಕತ್ತರಿಸಿ ನಿಲ್ಲಿಸಿದ ಹಾಗೆ. ಅದು ತಪ್ಪಲ್ಲ, ಆಯ್ಕೆ. ಗಂಟೆಗೆ 200 ಕಿಲೋಮೀಟರಿನಲ್ಲಿ ಹೋಗುವವನು ಮರ ನೋಡುವುದಿಲ್ಲ.

ಗಾಡ್ ಆಫ್ ವಾರ್ 2 ಬಂದದ್ದು 2007ರಲ್ಲಿ, ಪ್ಲೇಸ್ಟೇಷನ್ 3 ಮಾರುಕಟ್ಟೆಗೆ ಬಂದ ಮೇಲೆ. ಅದರ ಗುಟ್ಟು ಕ್ಯಾಮೆರಾ. ಆಡುವವರು ಅದನ್ನು ತಿರುಗಿಸುವ ಹಾಗಿಲ್ಲ. ಯಾವ ಗೋಡೆ ಯಾವಾಗ ಕಾಣುತ್ತದೆ ಅಂತ ಮಾಡಿದವರಿಗೆ ಮೊದಲೇ ಗೊತ್ತು, ಇದ್ದ ಮೆಮೊರಿಯನ್ನೆಲ್ಲ ಅಲ್ಲೇ ಸುರಿಯಬಹುದು. ಆರಂಭದ ರೋಡ್ಸ್ ದ್ವೀಪದ ಕಂಚಿನ ದೈತ್ಯನ ಕಾಳಗ ಈಗ ನೋಡಿದರೂ ಮೈ ಜುಮ್ಮೆನ್ನುತ್ತದೆ.

ಸೈಲೆಂಟ್ ಹಿಲ್ 3ರ ಮುಖಗಳು, ಟಾರ್ಚಿನ ಬೆಳಕಿಗೆ ಗೋಡೆಯ ಮೇಲೆ ಓಡುವ ನೆರಳು 2003ಕ್ಕೆ ತುಂಬ ಮುಂದಿನದು. ಓಕಾಮಿ ಮೊದಲು ನಿಜದ ಹಾಗೆ ಕಾಣುವ ಆಟವಾಗಿ ಶುರುವಾಗಿ, ಯಂತ್ರಕ್ಕೆ ಹೊರೆ ಜಾಸ್ತಿ ಅನಿಸಿ, ಜಪಾನಿನ ಶಾಯಿಚಿತ್ರದ ಕಡೆ ಹೊರಳಿತು. ಅದು 2006ರ ಆಟ, ಇನ್ನೂ ಹಳತಾಗಿಲ್ಲ. ಟೆಕ್ಕೆನ್ 5 ಚೆಂದ ಕಾಣಲು ಒಂದು ಸರಳ ಕಾರಣ ಇದೆ: ಅದರ ಆರ್ಕೇಡ್ ಯಂತ್ರದ ಒಳಗೂ ಪ್ಲೇಸ್ಟೇಷನ್ 2ರ ಹಾರ್ಡ್‌ವೇರೇ ಇತ್ತು. ಜಿಟಿಎ ಸ್ಯಾನ್ ಆಂಡ್ರಿಯಾಸ್ ನಮ್ಮಲ್ಲಿ ಎಲ್ಲರೂ ಆಡಿದ್ದು. ಹತ್ತಿರದಿಂದ ಕಟ್ಟಡಗಳು ಸಪ್ಪೆ, ಆದರೆ ಸಂಜೆಯ ಆ ಕಿತ್ತಳೆ ಮಬ್ಬು ಮರೆಯಲು ಆಗುವುದಿಲ್ಲ. ಕಂಪ್ಯೂಟರಿಗೆ ಬಂದ ಆವೃತ್ತಿಯಲ್ಲಿ ಆ ಬಣ್ಣ ಹಾಗೆ ಉಳಿಯಲಿಲ್ಲ.

ರೆಸಿಡೆಂಟ್ ಈವಿಲ್ 4 ಬಗ್ಗೆ ಒಂದು ಮಾತು. ಅದು ನಿಂಟೆಂಡೊದ ಆಟದ ಯಂತ್ರ ಗೇಮ್‌ಕ್ಯೂಬಿನಿಂದ ಬಂದ ಆಟ. ಇಲ್ಲಿಗೆ ತರುವಾಗ ಪಾಲಿಗಾನ್ ಕಡಿಮೆ ಮಾಡಿದರು, ಕಥೆಯ ದೃಶ್ಯಗಳನ್ನು ವಿಡಿಯೊ ಮಾಡಿ ಇಟ್ಟರು. ಅದಕ್ಕೇ ನೀವು ಬಟ್ಟೆ ಬದಲಿಸಿದರೂ ಆ ದೃಶ್ಯಗಳಲ್ಲಿ ಹಳೆಯ ಬಟ್ಟೆಯೇ ಕಾಣುವುದು. ತುಂಬ ಜನ ಇದನ್ನು ನನ್ನಲ್ಲಿ ಕೇಳಿದ್ದರು.

ಚೌಕಿ ಮತ್ತು ರಂಗಸ್ಥಳ

ಕುಂಬಳೆ ಕಡೆಯವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಯಕ್ಷಗಾನದ ವೇಷವನ್ನು ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚುವ ಕೋಣೆಯಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಒಂದು ಮೊಳ ದೂರದಿಂದ ನೋಡಿದರೆ ಬಣ್ಣದ ಗೆರೆ ದಪ್ಪ ಅನಿಸುತ್ತದೆ. ರಂಗಸ್ಥಳಕ್ಕೆ ಬಂದು ಚೆಂಡೆ ಬಿದ್ದ ಮೇಲೆ ಅದೇ ಗೆರೆ ಕಣ್ಣಾಗುತ್ತದೆ, ಹುಬ್ಬಾಗುತ್ತದೆ. ಪ್ಲೇಸ್ಟೇಷನ್ 2ರ ಆಟಗಳಿಗೆ ರಂಗಸ್ಥಳ ಅಂದರೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿ. ಆ ಟಿವಿ ಅಂಚುಗಳನ್ನು ತಾನೇ ಸ್ವಲ್ಪ ಕರಗಿಸುತ್ತದೆ. ಅದನ್ನು ನೆಚ್ಚಿಯೇ ಚಿತ್ರ ಬರೆದಿದ್ದಾರೆ. ಕಂಪ್ಯೂಟರಿನಲ್ಲಿ ಈ ಆಟಗಳನ್ನು ಓಡಿಸುವ ಎಮ್ಯುಲೇಟರಿನಲ್ಲಿ ರೆಸಲ್ಯೂಶನ್ ಏರಿಸಿ ನೋಡಿದಾಗ ದೈತ್ಯನ ರೋಮದ ಪದರಗಳು ಒಂದೊಂದಾಗಿ ನನಗೆ ಕಂಡವು. ಅಧ್ಯಯನಕ್ಕೆ ಅದು ಒಳ್ಳೆಯದೇ. ತೀರ್ಪು ಕೊಡಲು ಮಾತ್ರ ಅದು ಸರಿಯಾದ ಜಾಗ ಅಲ್ಲ.

ಟಿವಿ ಇದ್ದರೂ ಎಲ್ಲ ಆಟವೂ ಪಾರಾಗಲಿಲ್ಲ. ಮೊದಲ ದಿನಗಳ ರಿಡ್ಜ್ ರೇಸರ್ 5ರಲ್ಲಿ ರಸ್ತೆಯ ಅಂಚು ಗರಗಸದ ಹಲ್ಲಿನ ಹಾಗೆ ಮಿನುಗುತ್ತದೆ. ಮೆಮೊರಿ ಉಳಿಸಲು ಪ್ರತಿ ಸಲ ಅರ್ಧ ಎತ್ತರದ ಚಿತ್ರ ಮಾತ್ರ ಬರೆಯುವ ಪದ್ಧತಿಯಿಂದ ಹಾಗಾಗುತ್ತದೆ. ಪೂರ್ತಿ ಎತ್ತರ ಬರೆದು, ಸಾಲುಗಳನ್ನು ಸ್ವಲ್ಪ ಬೆರೆಸಿ ಟಿವಿಗೆ ಕಳಿಸುವುದು ಆಮೇಲೆ ರೂಢಿಗೆ ಬಂತು.

ಭಾನುವಾರದ ಪ್ರಶ್ನೆಗೆ ನನ್ನ ಉತ್ತರ: ಮೆಟಲ್ ಗೇರ್ ಸಾಲಿಡ್ 2, ಅದರಲ್ಲೂ ಹಡಗಿನ ಭಾಗ. ಮನಸ್ಸಿಗೆ ಹತ್ತಿರದ್ದು ಶ್ಯಾಡೊ ಆಫ್ ದಿ ಕೊಲೊಸಸ್. ಆದರೆ ಅದು ಸಾಲ ಮಾಡಿ ಕಟ್ಟಿದ ಮನೆ, ಪ್ರತಿ ಕಾಳಗದಲ್ಲೂ ಬಡ್ಡಿ ಕಟ್ಟುತ್ತದೆ. ಹಡಗಿನ ಮಳೆ ಯಾರಿಗೂ ಏನೂ ಬಾಕಿ ಇಟ್ಟಿಲ್ಲ.

ಮುಂದಿನ ಭಾನುವಾರಕ್ಕೆ ನಮ್ಮ ಮನೆಯ ಹಳೆಯ ಟಿವಿಯನ್ನು ಜೀಪಿನಲ್ಲಿ ಹಾಕಿಕೊಂಡು ಬರುತ್ತೇನೆ, ಎತ್ತಲು ಇಬ್ಬರು ಬೇಕು. ಯಂತ್ರದ ಜೊತೆ ಬರುವ ಹಳದಿ ಪಿನ್ನಿನ ವಯರ್ ನನ್ನ ಹತ್ತಿರ ಇದೆ. ಕೆಂಪು, ಹಸಿರು, ನೀಲಿ ಪಿನ್ನಿನ ಕಾಂಪೊನೆಂಟ್ ಕೇಬಲ್ ಯಾರ ಮನೆಯಲ್ಲಾದರೂ ಇದ್ದರೆ ತನ್ನಿ, ಅದು ಹಾಕಿದರೆ ಬಣ್ಣ ಎಷ್ಟು ಬೇರೆ ಕಾಣುತ್ತದೆ ಅಂತ ಅಕ್ಕಪಕ್ಕ ಇಟ್ಟು ನೋಡೋಣ. ಮಳೆಯ ದೃಶ್ಯದ ಸೇವ್ ನನ್ನ ಮೆಮೊರಿ ಕಾರ್ಡಿನಲ್ಲೇ ಇದೆ.