ಒಂದು ಕೆಜಿ ಮಗು, ಒಂದು ಎಂಎಲ್ ಅಯೋಡಿನ್

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಹೊಕ್ಕುಳ ಬಳ್ಳಿಯ ರಕ್ತನಾಳದ ಮೂಲಕ ಎಷ್ಟೋ ಸಲ ಸಣ್ಣ ಟ್ಯೂಬ್ ಹಾಕಬೇಕಾಗುತ್ತದೆ. ಔಷಧಿ, ಗ್ಲೂಕೋಸ್ ಎಲ್ಲ ಹೋಗುವುದು ಅಲ್ಲಿಂದಲೇ. ಟ್ಯೂಬ್ ಹಾಕುವ ಮುಂಚೆ ಹೊಕ್ಕುಳ ಸುತ್ತಲಿನ ಚರ್ಮವನ್ನು ಚೆನ್ನಾಗಿ ಒರೆಸುತ್ತಾರೆ. ಒರೆಸದಿದ್ದರೆ ಚರ್ಮದ ಮೇಲಿನ ಕ್ರಿಮಿ ನೇರ ರಕ್ತಕ್ಕೇ ಇಳಿಯುತ್ತದೆ. ಒರೆಸುವ ಹತ್ತಿಯಲ್ಲಿ ಎಷ್ಟೋ ಕಡೆ ಇರುವುದು ಪೊವಿಡೋನ್ ಅಯೋಡಿನ್. ಮಂಡಿ ತರಚಿದಾಗ ನಾವೆಲ್ಲ ಹಚ್ಚಿಕೊಳ್ಳುವ ಅದೇ ಕಂದು ಬಣ್ಣದ ಔಷಧಿ. ಬೇಗ ಹುಟ್ಟಿದ ಮಗುವಿನ ಥೈರಾಯ್ಡ್ ಗ್ರಂಥಿಗೆ ಇದೇ ತೊಂದರೆ ಕೊಡಬಲ್ಲದು.

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಶೇ. 10ರ ಪೊವಿಡೋನ್ ಅಯೋಡಿನ್ ದ್ರಾವಣದ 1 ಎಂಎಲ್‌ನಲ್ಲಿ ಸುಮಾರು 10 ಮಿಲಿಗ್ರಾಂ, ಅಂದರೆ 10,000 ಮೈಕ್ರೋಗ್ರಾಂ ಅಯೋಡಿನ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಬೇಕಾಗಿರುವುದು 150 ಮೈಕ್ರೋಗ್ರಾಂ. ಒಂದು ಕೆಜಿ ತೂಕದ ಮಗುವಿಗೆ ಸುಮಾರು 30 ಸಾಕು. ಅಂದರೆ ಆ ಒಂದು ಎಂಎಲ್‌ನಲ್ಲಿ ಮಗುವಿಗೆ ಮುನ್ನೂರು ದಿನಕ್ಕೂ ಜಾಸ್ತಿ ಆಗುವಷ್ಟು ಅಯೋಡಿನ್ ಇದೆ. ಹಚ್ಚಿದ್ದೆಲ್ಲ ಒಳಗೆ ಹೋಗುವುದಿಲ್ಲ, ನಿಜ. ಆದರೆ ನೂರರಲ್ಲಿ ಒಂದು ಪಾಲು ಹೋದರೂ ಅದು ಮೂರು ದಿನದ ಅಯೋಡಿನ್.

ಒಳಗೆ ಹೋಗಲು ದಾರಿಯೂ ಸಲೀಸಾಗಿದೆ. ನಮ್ಮ ಚರ್ಮದ ಮೇಲ್ಪದರ ಒತ್ತಾಗಿ ಹೆಣೆದುಕೊಂಡಿರುತ್ತದೆ, ನೀರು, ಔಷಧಿ ಯಾವುದನ್ನೂ ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಗರ್ಭದಲ್ಲಿ ಈ ಪದರ ಗಟ್ಟಿಯಾಗುವುದೇ ಸುಮಾರು 34 ವಾರಗಳ ಹೊತ್ತಿಗೆ. 26 ವಾರಕ್ಕೇ ಹುಟ್ಟಿದ ಮಗುವಿನ ಚರ್ಮ ಕೆಂಪಗೆ, ತೇವವಾಗಿ, ಒಳಗಿನ ರಕ್ತನಾಳಗಳು ಕಾಣುವಷ್ಟು ತೆಳ್ಳಗಿರುತ್ತದೆ. ಮೇಲಾಗಿ ತೂಕಕ್ಕೆ ಹೋಲಿಸಿದರೆ ಅದರ ಚರ್ಮದ ವಿಸ್ತಾರ ದೊಡ್ಡವರಿಗಿಂತ ಎಷ್ಟೋ ಪಟ್ಟು ಜಾಸ್ತಿ. ಒಳಗೆ ಹೋದ ಅಯೋಡಿನ್ ಅನ್ನು ಹೊರಹಾಕಬೇಕಾದ ಮೂತ್ರಪಿಂಡಗಳೂ ಇನ್ನೂ ಬಲಿತಿರುವುದಿಲ್ಲ.

ಥೈರಾಯ್ಡ್ ಹಾರ್ಮೋನು ತಯಾರಾಗುವುದೇ ಅಯೋಡಿನ್‌ನಿಂದ, ಜಾಸ್ತಿ ಸಿಕ್ಕರೆ ಒಳ್ಳೆಯದೇ ಅಲ್ವಾ ಎನ್ನಿಸಬಹುದು. ಆಗುವುದು ತದ್ವಿರುದ್ಧ. 1948ರಲ್ಲಿ ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇಲಿಗಳಲ್ಲಿ ಇದನ್ನು ತೋರಿಸಿದರು. ರಕ್ತದಲ್ಲಿ ಅಯೋಡಿನ್ ಒಂದು ಮಟ್ಟ ಮೀರಿದರೆ ಥೈರಾಯ್ಡ್ ಗ್ರಂಥಿ ಹಾರ್ಮೋನು ತಯಾರಿಸುವ ಕೆಲಸವನ್ನೇ ನಿಲ್ಲಿಸುತ್ತದೆ. ಹೆಚ್ಚಿನ ಅಯೋಡಿನ್‌ನಿಂದ ಹಾರ್ಮೋನು ಉಕ್ಕಿ ಹರಿಯದಂತೆ ದೇಹ ಇಟ್ಟುಕೊಂಡ ಕಾವಲು ಇದು. ಆರೋಗ್ಯವಂತ ದೊಡ್ಡವರಲ್ಲಿ ಇದು ಕೆಲವೇ ದಿನ ನಡೆಯುತ್ತದೆ. ಆಮೇಲೆ ಗ್ರಂಥಿ ಅಯೋಡಿನ್ ಎಳೆದುಕೊಳ್ಳುವ ತನ್ನ ಪಂಪುಗಳನ್ನು ಕಡಿಮೆ ಮಾಡಿಕೊಂಡು ಮತ್ತೆ ಕೆಲಸ ಶುರುಮಾಡುತ್ತದೆ. ಹೀಗೆ ತಪ್ಪಿಸಿಕೊಳ್ಳುವ ಶಕ್ತಿ ಬಲಿಯುವುದು ಗರ್ಭದ ಸುಮಾರು 36ನೇ ವಾರಕ್ಕೆ. ಅದಕ್ಕೂ ಮೊದಲು ಹುಟ್ಟಿದ ಮಗುವಿನ ಗ್ರಂಥಿಗೆ ಕೆಲಸ ನಿಲ್ಲಿಸುವುದು ಗೊತ್ತು, ಮತ್ತೆ ಶುರುಮಾಡುವುದು ಗೊತ್ತಿಲ್ಲ.

ನನಗೆ ಇಡೀ ವಿಷಯದಲ್ಲಿ ತುಂಬ ಕಾಡುವುದು ಇದರ ಸಮಯ. ಹುಟ್ಟುವವರೆಗೆ ಅಮ್ಮನ ಥೈರಾಯ್ಡ್ ಹಾರ್ಮೋನು ಮಗುವಿಗೂ ಸಿಗುತ್ತಿರುತ್ತದೆ. ಬೇಗ ಹುಟ್ಟಿದರೆ ಅದು ಅಲ್ಲಿಗೇ ನಿಂತಿತು. ಮಗುವಿನ ಸ್ವಂತ ಗ್ರಂಥಿ ಇನ್ನೂ ಎಳೆಯದು. ಇದೇ ವಾರಗಳಲ್ಲಿ ಮಿದುಳಿನ ನರಕೋಶಗಳು ಒಂದಕ್ಕೊಂದು ಜೋಡಿಸಿಕೊಳ್ಳುತ್ತಿರುತ್ತವೆ, ಅದಕ್ಕೆ ಈ ಹಾರ್ಮೋನು ಬೇಕೇ ಬೇಕು. ಕೊರತೆ ತಾತ್ಕಾಲಿಕ ಎಂದು ಸುಮ್ನೆ ಬಿಡುವ ಹಾಗಿಲ್ಲ.

ಕಣ್ಣಿಗೆ ಇದು ಬೀಳುವುದೂ ಕಷ್ಟ. ಮಗು ಮಂಕಾಗಿದೆ, ಹಾಲು ಸರಿಯಾಗಿ ಕುಡಿಯುತ್ತಿಲ್ಲ, ಮೈ ತಣ್ಣಗಾಗುತ್ತಿದೆ, ಕಾಮಾಲೆ ಇಳಿಯುತ್ತಿಲ್ಲ. ಇವೆಲ್ಲ ಥೈರಾಯ್ಡ್ ಕೊರತೆಯ ಲಕ್ಷಣಗಳೇ, ಆದರೆ ಬೇಗ ಹುಟ್ಟಿದ ಯಾವ ಮಗುವಿನಲ್ಲಾದರೂ ಕಾಣುವಂಥವು. ಹಿಮ್ಮಡಿಗೆ ಚುಚ್ಚಿ ರಕ್ತ ತೆಗೆದು ಪರೀಕ್ಷಿಸುವುದೊಂದೇ ದಾರಿ. ಗ್ರಂಥಿ ಕೆಲಸ ಮಾಡದಿದ್ದಾಗ ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯಿಂದ ಟಿಎಸ್ಎಚ್, ಅಂದರೆ ಥೈರಾಯ್ಡನ್ನು ಕೆಲಸಕ್ಕೆ ಎಬ್ಬಿಸುವ ಹಾರ್ಮೋನು, ಜಾಸ್ತಿ ಬರುತ್ತದೆ. ಇಂಥ ಮಕ್ಕಳಲ್ಲಿ ಪಿಟ್ಯುಟರಿಯೂ ಎಳೆಯದು, ಅದು ಎಚ್ಚೆತ್ತುಕೊಳ್ಳುವುದು ತಡ. ಹಾಗಾಗಿ ಹುಟ್ಟಿದ ಎರಡು ಮೂರು ದಿನಕ್ಕೆ ಮಾಡಿದ ಪರೀಕ್ಷೆ ಸರಿಯಿದೆ ಎಂದರೂ ಎರಡರಿಂದ ನಾಲ್ಕು ವಾರದೊಳಗೆ ಇನ್ನೊಮ್ಮೆ ಮಾಡಲೇಬೇಕು.

ಅಯೋಡಿನ್ ಬೇರೆ ಕಡೆಯಿಂದಲೂ ಬರುತ್ತದೆ. ಎಕ್ಸ್‌ರೇಯಲ್ಲಿ ಸ್ಪಷ್ಟವಾಗಿ ಕಾಣಲೆಂದು ರಕ್ತನಾಳಕ್ಕೆ ಬಿಡುವ ಅಯೋಡಿನ್ ಇರುವ ಕಾಂಟ್ರಾಸ್ಟ್ ದ್ರವ ಅಂಥದ್ದೊಂದು. ಅದನ್ನು ಕೊಟ್ಟ 3 ವರ್ಷದೊಳಗಿನ ಮಕ್ಕಳಿಗೆ ಮೂರು ವಾರದೊಳಗೆ ಥೈರಾಯ್ಡ್ ಪರೀಕ್ಷೆ ಮಾಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2022ರಲ್ಲಿ ಸೂಚಿಸಿತು. ಹೆರಿಗೆಯಲ್ಲಿ ಅಮ್ಮನಿಗೆ ಹಚ್ಚಿದ ಅಯೋಡಿನ್ ಎದೆಹಾಲಿನಲ್ಲೂ ಮಗುವಿಗೆ ಹೋಗುತ್ತದೆ.

ಹಾಗಾದರೆ ಅಯೋಡಿನ್ ಬಿಟ್ಟರೆ ಮುಗಿಯಿತೇ? ಕ್ಲೋರ್‌ಹೆಕ್ಸಿಡಿನ್ ಎಂಬ ಇನ್ನೊಂದು ಕ್ರಿಮಿನಾಶಕ ಇದೆ, ಅದು ಥೈರಾಯ್ಡಿಗೆ ಹೀಗೆ ತೊಂದರೆ ಕೊಡುವುದಿಲ್ಲ. ಆದರೆ ತೀರಾ ಎಳೆಯ ಚರ್ಮವನ್ನು ಅದು ಸುಡಬಲ್ಲದು, ಆಲ್ಕೋಹಾಲ್ ಬೆರೆತಿದ್ದರೆ ಇನ್ನೂ ಜಾಸ್ತಿ. ಹಚ್ಚಿದ ದ್ರವ ಹೊಟ್ಟೆಯ ಪಕ್ಕದಿಂದ ಇಳಿದು ಬೆನ್ನ ಕೆಳಗೆ ನಿಲ್ಲುತ್ತದೆ. ಮಗುವನ್ನು ಹೊರಳಿಸಿದಾಗಲೇ ಸುಟ್ಟ ಗಾಯ ಗೊತ್ತಾಗುವುದು. ಹಿಂದೆ ಹೆಕ್ಸಾಕ್ಲೋರೊಫೀನ್ ಎಂಬ ಕ್ರಿಮಿನಾಶಕ ಹಾಕಿ ಹಸುಗೂಸುಗಳಿಗೆ ಸ್ನಾನ ಮಾಡಿಸುತ್ತಿದ್ದರು. ಅದು ಚರ್ಮದಿಂದ ಒಳಗೆ ಹೋಗಿ ಮಿದುಳಿಗೇ ಹಾನಿ ಮಾಡುತ್ತದೆ ಎಂದು ಗೊತ್ತಾಗಿ, 1972ರಲ್ಲಿ ಅಮೆರಿಕದಲ್ಲಿ ಅದರ ಬಳಕೆಗೆ ಕಡಿವಾಣ ಬಿತ್ತು.

ಸೋಂಕು ಈ ಮಕ್ಕಳ ಜೀವವನ್ನೇ ತೆಗೆಯಬಲ್ಲದು, ಹಾಗಾಗಿ ಒರೆಸದೆ ಬಿಡುವ ಮಾತೇ ಇಲ್ಲ. ನನ್ನ ವಾದ ಇಷ್ಟೇ: ರಕ್ತನಾಳಕ್ಕೆ ಕೊಡುವ ಔಷಧಿಯನ್ನು ತೂಕ ನೋಡಿ, ಅಳೆದು, ಬರೆದಿಡುತ್ತಾರೆ. ಚರ್ಮಕ್ಕೆ ಹಚ್ಚಿದ್ದನ್ನೂ ಹಾಗೆಯೇ ಕಾಣಬೇಕು. ಅಯೋಡಿನ್ ಬಳಸಲೇಬೇಕಾದರೆ ಚಿಕ್ಕ ಹತ್ತಿಯಲ್ಲಿ, ಬೇಕಾದಷ್ಟೇ ಜಾಗಕ್ಕೆ ಹಚ್ಚಬೇಕು. ಒಣಗಲು ಬಿಟ್ಟು, ಕೆಲಸ ಮುಗಿದ ಕೂಡಲೇ ಸ್ಟೆರೈಲ್ ನೀರಿನಲ್ಲಿ ಒರೆಸಿ ತೆಗೆಯಬೇಕು. ಹಚ್ಚಿದ್ದು ಏನು, ಎಷ್ಟು ಸಲ ಎಂದು ಕೇಸ್ ಶೀಟಿನಲ್ಲಿ ಬರೆಯಬೇಕು. ಎರಡನೇ ಥೈರಾಯ್ಡ್ ಪರೀಕ್ಷೆ ಯಾವಾಗ ಎಂದು ಅಪ್ಪ ಅಮ್ಮ ಧಾರಾಳವಾಗಿ ಕೇಳಬಹುದು. ಅಯೋಡಿನ್ ನಿಂತರೆ ಎಷ್ಟೋ ಮಕ್ಕಳಲ್ಲಿ ಟಿಎಸ್ಎಚ್ ತಾನಾಗಿಯೇ ಇಳಿಯುತ್ತದೆ. ಇಳಿಯದಿದ್ದರೆ ಥೈರಾಕ್ಸಿನ್, ಅಂದರೆ ಥೈರಾಯ್ಡ್ ಹಾರ್ಮೋನನ್ನೇ ಔಷಧಿಯಾಗಿ ಕೊಡುತ್ತಾರೆ. ಮುಂದೆ ವೈದ್ಯರೇ ಅದನ್ನು ನಿಲ್ಲಿಸಿ, ಮಗುವಿನ ಗ್ರಂಥಿ ತಾನೇ ಹಾರ್ಮೋನು ತಯಾರಿಸುತ್ತಿದೆಯೇ ಎಂದು ರಕ್ತ ಪರೀಕ್ಷೆ ಮಾಡಿ ನೋಡುತ್ತಾರೆ.