ಓಪನ್‌ಸ್ಟ್ರೀಟ್‌ಮ್ಯಾಪ್ ಕಟ್ಟಡಗಳು: ಪೂರ್ಣತೆಯನ್ನು ಅಳೆಯುವ ಬಗೆ

ಭೌಗೋಳಿಕ ದತ್ತಾಂಶದ ಗುಣಮಟ್ಟವನ್ನು ಪೂರ್ಣತೆ, ಸ್ಥಾನದ ನಿಖರತೆ, ತಾರ್ಕಿಕ ಸುಸಂಗತತೆ ಮೊದಲಾದ ಅಂಶಗಳಾಗಿ ಐಎಸ್‌ಒ 19157 ಮಾನದಂಡ ವಿಂಗಡಿಸುತ್ತದೆ. ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ನಕ್ಷೆ ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಸ್ವಯಂಸೇವಕರು ಉಪಗ್ರಹ ಚಿತ್ರಗಳ ಮೇಲೆ ಗೆರೆ ಎಳೆದು ಸೇರಿಸಿದ ಕಟ್ಟಡಗಳ ವಿಷಯದಲ್ಲಿ, ಓದುವಾಗ ಸರಳವೆನಿಸಿ ಲೆಕ್ಕಕ್ಕೆ ಕುಳಿತಾಗ ತೊಡಕಾಗುವ ಅಂಶವೆಂದರೆ ಪೂರ್ಣತೆ, ಅಂದರೆ ನಿಜವಾಗಿ ಇರುವ ಕಟ್ಟಡಗಳಲ್ಲಿ ಎಷ್ಟು ನಕ್ಷೆಗೆ ಬಂದಿವೆ ಎಂಬುದು.

ಸರ್ಕಾರಿ ನಕ್ಷೆಯನ್ನು ಆಕರವಾಗಿಟ್ಟುಕೊಂಡು ಎರಡೂ ಕಡೆಯ ಒಟ್ಟು ವಿಸ್ತೀರ್ಣವನ್ನೋ ಒಟ್ಟು ಸಂಖ್ಯೆಯನ್ನೋ ಭಾಗಿಸುವುದು ಸುಲಭದ ದಾರಿ. ಅದು ಎಲ್ಲಿ ಕೈಕೊಡುತ್ತದೆ ಎಂಬುದನ್ನು ಒಂದು ಕಾಲ್ಪನಿಕ ಬೀದಿಯಲ್ಲಿ ನೋಡೋಣ. ಆಕರದಲ್ಲಿ ತಲಾ 100 ಚದರ ಮೀಟರಿನ 10 ಮನೆಗಳಿವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದಕ್ಕೊಂದು ಅಂಟಿಕೊಂಡ 4 ಮನೆಗಳನ್ನು ಸೇರಿಸಿ 400 ಚದರ ಮೀಟರಿನ ಒಂದೇ ಪಾಲಿಗಾನ್ (ಕಟ್ಟಡದ ಸುತ್ತ ಎಳೆದ ಮುಚ್ಚಿದ ಬಹುಭುಜ ಆಕೃತಿ) ಎಳೆಯಲಾಗಿದೆ. ಇನ್ನು 3 ಮನೆಗಳ ಸೂರಿನ ಅಂಚನ್ನೇ ಗೋಡೆಯೆಂದು ಭಾವಿಸಿದ್ದರಿಂದ ಅವು ತಲಾ 120 ಆಗಿವೆ. ಆಕರದಲ್ಲಿಲ್ಲದ 200 ಚದರ ಮೀಟರಿನ ಕಟ್ಟಡವೊಂದೂ ಇದೆ. ವಿಸ್ತೀರ್ಣದ ಲೆಕ್ಕದಲ್ಲಿ 960ನ್ನು 1000ದಿಂದ ಭಾಗಿಸಿದರೆ ಪೂರ್ಣತೆ ಶೇ 96; ಸಂಖ್ಯೆಯ ಲೆಕ್ಕದಲ್ಲಿ 5ನ್ನು 10ರಿಂದ ಭಾಗಿಸಿದರೆ ಶೇ 50. ನಿಜಕ್ಕೂ ನಕ್ಷೆಗೆ ಬಂದಿರುವುದು 10ರಲ್ಲಿ 7 ಮನೆ, ಅಂದರೆ ಶೇ 70. ಮೊದಲ ಲೆಕ್ಕದಲ್ಲಿ ಬಿಟ್ಟುಹೋದ ಮನೆಗಳ ಕೊರತೆಯನ್ನು ಹೆಚ್ಚುವರಿ ಕಟ್ಟಡವೂ ಉಬ್ಬಿದ ಗೆರೆಗಳೂ ತುಂಬಿ ಮರೆಮಾಡಿದವು. ಆ ಹೆಚ್ಚುವರಿ ಕಟ್ಟಡವನ್ನೂ ತಪ್ಪೆಂದು ಕೂಡಲೇ ಬರೆಯಬಾರದು, ಏಕೆಂದರೆ ಆಕರ ನಕ್ಷೆ ತಯಾರಾದ ಮೇಲೆ ಅದನ್ನು ಕಟ್ಟಿರಬಹುದು.

ಆದ್ದರಿಂದ ಕಟ್ಟಡಕ್ಕೆ ಕಟ್ಟಡವನ್ನು ಜೋಡಿಸಿ ನೋಡಬೇಕು. ಜೋಡಿಸುವಾಗ ಎರಡೂ ಪಾಲಿಗಾನ್‌ಗಳು ಅತಿವ್ಯಾಪಿಸುವ ಭಾಗವನ್ನು ಚಿಕ್ಕ ಪಾಲಿಗಾನ್‌ನ ವಿಸ್ತೀರ್ಣದಿಂದ ಭಾಗಿಸುವುದು ನನಗೆ ಅತ್ಯಂತ ಉಪಯುಕ್ತವೆನಿಸಿದ ಸೂತ್ರ: ಮೇಲಿನ ಸಾಲುಮನೆಗಳಲ್ಲಿ ಪ್ರತಿಯೊಂದಕ್ಕೂ ಶೇ 100 ಬಂದು ನಾಲ್ಕೂ ಜೋಡಿಯಾಗುತ್ತವೆ, ದೊಡ್ಡದರಿಂದ ಭಾಗಿಸಿದರೆ ಶೇ 25 ಮಾತ್ರ ಬಂದು ನಾಲ್ಕೂ ಕಾಣೆಯಾದಂತೆ ತೋರುತ್ತವೆ.

ಸ್ಥಾನದ ದೋಷ ಪೂರ್ಣತೆಯೊಳಗೆ ನುಸುಳುವುದೂ ಇಲ್ಲಿಯೇ. ಜರ್ಮನಿಯ ಮ್ಯೂನಿಕ್ ನಗರದ ಕಟ್ಟಡಗಳನ್ನು ಅಟ್ಕಿಸ್ ಎಂಬ ಅಲ್ಲಿನ ಅಧಿಕೃತ ಸರ್ಕಾರಿ ನಕ್ಷೆ ದತ್ತಾಂಶದೊಂದಿಗೆ ಹೋಲಿಸಿದ 2014ರ ಅಧ್ಯಯನದಲ್ಲಿ ಪೂರ್ಣತೆ ಹೆಚ್ಚಿತ್ತು, ಆಕಾರಗಳು ತುಸು ಸರಳಗೊಂಡಿದ್ದರೂ ಹೋಲುತ್ತಿದ್ದವು, ಸ್ಥಾನದಲ್ಲಿ ಮಾತ್ರ ಸರಾಸರಿ ಸುಮಾರು 4 ಮೀಟರ್ ವ್ಯತ್ಯಾಸವಿತ್ತು. ಚಿತ್ರದ ಜೋಡಣೆ ಸರಿದಿದ್ದರೆ, ಇಲ್ಲವೇ ಓರೆಯಾಗಿ ತೆಗೆದ ಚಿತ್ರದಲ್ಲಿ ಎತ್ತರದ ಕಟ್ಟಡದ ಚಾವಣಿ ಬುಡದಿಂದ ಪಕ್ಕಕ್ಕೆ ಬಿದ್ದಂತೆ ಕಂಡಿದ್ದರೆ, ಇಂಥ ವ್ಯತ್ಯಾಸ ಹುಟ್ಟುತ್ತದೆ. 12 ಮೀಟರ್ ಅಗಲದ ಕಟ್ಟಡ ಅಗಲದ ದಿಕ್ಕಿನಲ್ಲಿ 4 ಮೀಟರ್ ಸರಿದರೂ ಮೂರನೆಯ ಎರಡು ಭಾಗ ಅತಿವ್ಯಾಪಿಸುತ್ತದೆ; 6 ಮೀಟರಿನ ಮನೆಯಲ್ಲಿ ಉಳಿಯುವುದು ಮೂರನೆಯ ಒಂದು ಭಾಗ, ಅದರ ಕೇಂದ್ರಬಿಂದುವೂ ಆಕರದ ಗೆರೆಯಿಂದ ಹೊರಗೆ ಬೀಳುತ್ತದೆ. ಕನಿಷ್ಠ ಅರ್ಧ ಅತಿವ್ಯಾಪಿಸಿದರೆ ಮಾತ್ರ ಜೋಡಿಯೆಂದು ಶೇ 50ರ ಮಿತಿಯಿಟ್ಟರೆ ಸಣ್ಣ ಮನೆಗಳ ದಟ್ಟ ಬಡಾವಣೆಯೊಂದು, ಸ್ವಯಂಸೇವಕರು ಪ್ರತಿ ಮನೆಯನ್ನೂ ಗುರುತಿಸಿದ್ದರೂ, ಅಪೂರ್ಣವೆಂದು ದಾಖಲಾಗಿಬಿಡುತ್ತದೆ. ಇದು ಬಡಜನರ ವಸತಿಗಳಿಗೇ ಹೆಚ್ಚು ಅನ್ಯಾಯ ಮಾಡುವ ದೋಷವಾದ್ದರಿಂದ, ಜೋಡಿಸುವ ಮೊದಲು ಸ್ಥಳಾಂತರವನ್ನು ಅಂದಾಜಿಸಿ ಸರಿಪಡಿಸುವುದು ಅಗತ್ಯ.

ಗುಣಲಕ್ಷಣಗಳ, ಅಂದರೆ ಕಟ್ಟಡದ ಬಗ್ಗೆ ದಾಖಲಿಸುವ ವಿವರಗಳ ವಿಷಯ ಬೇರೆ. ಬಹುಪಾಲು ಕಟ್ಟಡಗಳಿಗೆ ‘ಬಿಲ್ಡಿಂಗ್=ಯೆಸ್’, ಅಂದರೆ ಇದು ಕಟ್ಟಡ ಎಂದಷ್ಟೇ ಹೇಳುವ ಟ್ಯಾಗ್ (ವಿವರದ ಗುರುತುಪಟ್ಟಿ) ಮಾತ್ರ ಇರುತ್ತದೆ; ಅಂತಸ್ತುಗಳ ಸಂಖ್ಯೆಯಾಗಲಿ ಬಳಕೆಯಾಗಲಿ ತಿಳಿಯದಿದ್ದರೆ, ಎಲ್ಲ ಗೆರೆಗಳೂ ಸರಿಯಿದ್ದರೂ ಅಲ್ಲಿ ಎಷ್ಟು ಜನ ವಾಸಿಸುತ್ತಾರೆಂದು ಅಂದಾಜಿಸುವುದು ಕಷ್ಟ.