ಆರು ವಾರದ ಶಿಬಿರ, ಹನ್ನೆರಡು ತಿಂಗಳ ಕಟ್ಟಡ

ಶಿಬಿರ ನಡೆಸುವವರಿಗೆ ಮೊದಲು ಹಾಡು, ಸಂದೇಶ, ಆಟ ಗೊತ್ತಿದ್ದರೆ ಸಾಕಿತ್ತು. ಈಗ ಹಾಸನ, ಚಿಕ್ಕಮಗಳೂರು ಕಡೆಯ ಕ್ರೈಸ್ತ ಶಿಬಿರ ಕೇಂದ್ರ, ಧ್ಯಾನಕೇಂದ್ರಗಳ ಹೊಣೆ ಹೊತ್ತವರ ಮೇಜಿನ ಮೇಲೆ ಪಹಣಿ, ಜಿಎಸ್‌ಟಿ ಕಡತ, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಪೋಕ್ಸೊ ಕಾಯ್ದೆಯ ಸುತ್ತೋಲೆ. ಫೋನಿನಲ್ಲಿ ಆನೆ ಎಲ್ಲಿದೆ ಎಂಬ ಸಂದೇಶ. ಒಂದೊಂದೂ ಒಂದೊಂದು ಕಾಲದಲ್ಲಿ ಬಂದು ಸೇರಿಕೊಂಡದ್ದು. ಒಂದನ್ನು ಬಿಡಿಸಹೋದರೆ ಇನ್ನೊಂದು ಬಿಗಿಯುತ್ತದೆ.

ಬೇರು ದೂರದ್ದು. ಹದಿನಾರನೇ ಶತಮಾನದ ಸಂತ ಇಗ್ನೇಷಿಯಸರ 30 ದಿನಗಳ ಮೌನಸಾಧನೆ ಕಥೋಲಿಕರ ಧ್ಯಾನಕೂಟಕ್ಕೆ ಮಾದರಿಯಾಯಿತು. 1898ರಲ್ಲಿ ನ್ಯೂಯಾರ್ಕ್‌ನಲ್ಲಿ ಶುರುವಾದ ಬೇಸಿಗೆ ಬೈಬಲ್ ಶಾಲೆ ನಮ್ಮ ಚರ್ಚ್ ಸಭೆಗಳ ವಿ.ಬಿ.ಎಸ್. (ವೆಕೇಷನ್ ಬೈಬಲ್ ಸ್ಕೂಲ್) ಆಯಿತು. 1947ರಲ್ಲಿ ಹಲವು ಪ್ರಾಟೆಸ್ಟೆಂಟ್ ಸಭೆಗಳು ಕೂಡಿ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಹುಟ್ಟಿತು. 1963ರಲ್ಲಿ ಮೈಸೂರಿನಿಂದ ಬೇರ್ಪಟ್ಟು ಚಿಕ್ಕಮಗಳೂರು ಕಥೋಲಿಕ ಬಿಷಪ್ಪರ ಧರ್ಮಪ್ರಾಂತ್ಯವಾಯಿತು, ಹಾಸನವೂ ಅದರೊಳಗೇ. ಆಗಿನ ಶಿಬಿರಕ್ಕೆ ಸ್ವಂತ ಸೂರು ಬೇಕಿರಲಿಲ್ಲ. ರಜೆಯಲ್ಲಿ ಖಾಲಿ ಬಿದ್ದ ಮಿಷನ್ ಶಾಲೆ, ಗೋಡೆಗೆ ಒತ್ತಿಟ್ಟ ಬೆಂಚು, ನೆಲಕ್ಕೆ ಚಾಪೆ, ಸಭೆಯ ಮನೆಗಳಿಂದ ಬಂದ ಅಕ್ಕಿ, ತೆಂಗಿನಕಾಯಿ. ಶಿಬಿರ ಮುಗಿದರೆ ಖರ್ಚೂ ಮುಗಿಯಿತು.

ಸ್ವಂತ ಕಟ್ಟಡ ಎದ್ದ ಮೇಲೆ ಲೆಕ್ಕ ತಿರುಗಿತು. ಮಕ್ಕಳು ಬರುವುದು ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯೊಳಗೆ, ಹೆಚ್ಚೆಂದರೆ ಆರೇಳು ವಾರ. ಹೆಂಚು ಕೈಯಾಡಿಸುವುದು, ಸುಣ್ಣಬಣ್ಣ, ಕಾವಲುಗಾರನ ಸಂಬಳ ಮಾತ್ರ ವರ್ಷವಿಡೀ. ಈ ಕೊರತೆ ತುಂಬಲು ಒಂದು ಕಾಲಕ್ಕೆ ಹೊರದೇಶದ ದೇಣಿಗೆ ಇತ್ತು. ದೊಡ್ಡ ಸಂಸ್ಥೆ ಪಡೆದು ಸಣ್ಣ ಕೇಂದ್ರಗಳಿಗೆ ಹಂಚಬಹುದಿತ್ತು. ಹೊರದೇಶದ ದೇಣಿಗೆಯನ್ನು ನಿಯಂತ್ರಿಸುವ ಎಫ್‌ಸಿಆರ್‌ಎ ಕಾಯ್ದೆಯ 2020ರ ತಿದ್ದುಪಡಿ ಆ ಹಂಚಿಕೆಯನ್ನೇ ನಿಲ್ಲಿಸಿತು. ಆಡಳಿತ ವೆಚ್ಚದ ಮಿತಿ ಶೇ 50ರಿಂದ 20ಕ್ಕಿಳಿಯಿತು, ಹಣ ದೆಹಲಿಯ ಎಸ್‌ಬಿಐ ಮುಖ್ಯ ಶಾಖೆಯ ಖಾತೆಗೇ ಬರಬೇಕೆಂದಾಯಿತು. ಸ್ವಂತ ನೋಂದಣಿ ಇಲ್ಲದ ಕೇಂದ್ರಕ್ಕೆ ಆ ದಾರಿ ಅಲ್ಲಿಗೆ ಮುಗಿಯಿತು.

ಉಳಿದದ್ದು ಬಾಡಿಗೆ. ಪಕ್ಕದ ತೋಟದವರು ಹೋಂಸ್ಟೇ ಮಾಡಿ ವಾರಾಂತ್ಯಕ್ಕೆ ಬೆಂಗಳೂರಿನವರನ್ನು ತುಂಬಿಸಿಕೊಳ್ಳುವಾಗ ಹತ್ತು ಕೋಣೆ ಬೀಗ ಹಾಕಿಟ್ಟುಕೊಂಡು ಕೂರುವುದು ಯಾರಿಗೂ ಕಷ್ಟವೇ. ಆದರೆ ಬಾಡಿಗೆ ಪಡೆದ ದಿನದಿಂದ ಕೇಂದ್ರದ ಜಾತಕ ಬದಲಾಗುತ್ತದೆ. ನೋಂದಾಯಿತ ಧರ್ಮಾರ್ಥ ಸಂಸ್ಥೆ ಧರ್ಮ, ಅಧ್ಯಾತ್ಮಕ್ಕೆಂದೇ ನಡೆಸುವ ವಸತಿ ಶಿಬಿರದ ಶುಲ್ಕಕ್ಕೆ ಜಿಎಸ್‌ಟಿ ಇಲ್ಲ. ಮುಖ್ಯವಾಗಿ ಊಟ, ವಸತಿಯನ್ನೇ ಕೊಟ್ಟು ಹಣ ಪಡೆದರೆ, ಅದನ್ನು ಕಾಣಿಕೆ ಎಂದು ಬರೆದುಕೊಂಡರೂ ತೆರಿಗೆ ಉಂಟು ಎಂದು 2018ರ ಸೆಪ್ಟೆಂಬರ್ ಸುತ್ತೋಲೆ ಸ್ಪಷ್ಟಪಡಿಸಿದೆ. ಜಿಎಸ್‌ಟಿ ನೋಂದಣಿಗಿರುವ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟಿನ ಮಿತಿ ಎಣಿಸುವಾಗ ವಿನಾಯಿತಿ ಇರುವ ಶಿಬಿರದ ಶುಲ್ಕವೂ ಕೂಡಿಕೊಳ್ಳುತ್ತದೆ ಎಂಬುದು ಹಲವರಿಗೆ ತಿಳಿಯುವುದು ತಡವಾಗಿ. ಎಡವುವುದು ಒಂದೇ ರಸೀದಿ ಪುಸ್ತಕ ಇಟ್ಟುಕೊಂಡವರು. ಶಿಬಿರಕ್ಕೊಂದು, ಬಾಡಿಗೆಗೊಂದು ಪುಸ್ತಕ ಇರಬೇಕು. ಶಿಬಿರದ ರಸೀದಿಗಳ ಜೊತೆ ಆಯಾ ದಿನದ ಕಾರ್ಯಕ್ರಮ ಪಟ್ಟಿಯನ್ನೂ ಕಡತದಲ್ಲಿಡಬೇಕು.

ಜಮೀನಿನದು ಇನ್ನೂ ಹಳೆಯ ಗಂಟು. ಯಾರೋ ದಾನ ಕೊಟ್ಟ ಒಂದೆರಡು ಎಕರೆ ಪಹಣಿಯಲ್ಲಿ ಕೃಷಿ ಭೂಮಿಯಾಗಿಯೇ ಉಳಿದಿರುತ್ತದೆ. ಟ್ರಸ್ಟ್‌ಗಳು ಅಂಥ ಜಮೀನು ಇಟ್ಟುಕೊಳ್ಳದಂತೆ ತಡೆಯುತ್ತಿದ್ದ ಭೂಸುಧಾರಣಾ ಕಾಯ್ದೆಯ 79ಬಿ ಕಲಂ 2020ರಲ್ಲಿ ಹೋಯಿತು, ಸರಿ. ಕೃಷಿಯೇತರ ಬಳಕೆಗೆ ಭೂಪರಿವರ್ತನೆ ಮಾತ್ರ ಆಗಲೇಬೇಕು. ಅದಿಲ್ಲದೆ ಪಂಚಾಯಿತಿಯಲ್ಲಿ ಆಸ್ತಿಯ ದಾಖಲೆಯಾದ ನಮೂನೆ 9 ಸಿಗದು.

ಇಷ್ಟೆಲ್ಲ ಕಾಗದದ ಮಾತು. ಶಿಬಿರ ಕೆಡುವುದು ಸಾಮಾನ್ಯವಾಗಿ ನೀರಿನಿಂದ. 80 ಮಕ್ಕಳು, 15 ದೊಡ್ಡವರು ಎಂದಿಟ್ಟುಕೊಳ್ಳಿ. ತಲೆಗೆ ದಿನಕ್ಕೆ 70 ಲೀಟರ್ ಹಿಡಿದರೂ 6,650 ಲೀಟರ್ ಬೇಕು. ಮೇಲೆ ಇರುವುದು 5,000 ಲೀಟರಿನ ಒಂದು ಸಿಂಟೆಕ್ಸ್, ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟ್ ಬರುವುದು ರಾತ್ರಿ ಎಂದಾದರೆ ಮಧ್ಯಾಹ್ನದ ಪಾತ್ರೆ ತೊಳೆಯುವಷ್ಟರಲ್ಲಿ ನಲ್ಲಿ ಸೊರಗುತ್ತದೆ. ಏಪ್ರಿಲ್‌ನಲ್ಲಿ ಬಾವಿಯೂ ತಳ ಕಂಡಿರುತ್ತದೆ. ಒಂದೂವರೆ ದಿನದ ನೀರು, ಅಂದರೆ ಹತ್ತು ಸಾವಿರ ಲೀಟರ್, ಮೇಲೆ ಸಂಗ್ರಹವಿಲ್ಲದೆ ಇಷ್ಟು ಜನರನ್ನು ಒಪ್ಪಿಕೊಳ್ಳಬಾರದು. ಎಂಟು ಬಚ್ಚಲಿದ್ದರೆ ಒಂದೊಂದಕ್ಕೆ ಹನ್ನೆರಡು ಜನ. ತಲಾ ಏಳು ನಿಮಿಷವೆಂದರೆ 84 ನಿಮಿಷ. ಐದೂವರೆಗೆ ಸ್ನಾನ ಶುರುವಾದರೆ ಏಳು ಹೊಡೆಯುತ್ತದೆ. ಆರೂವರೆಗೆ ಪ್ರಾರ್ಥನೆ ಎಂದು ಪಟ್ಟಿಯಲ್ಲಿ ಬರೆಯುವವರು ಈ ಗುಣಾಕಾರ ಮಾಡಿರುವುದಿಲ್ಲ.

ಆ ನೀರೆಲ್ಲ ಹೋಗುವ ಜಾಗದ್ದು ಇನ್ನೊಂದು ಕಥೆ. ಮೂವತ್ತು ಜನರಿಗೆಂದು ಕಟ್ಟಿದ ಸೆಪ್ಟಿಕ್ ಟ್ಯಾಂಕಿಗೆ ಮೂರು ದಿನ ತೊಂಬತ್ತು ಜನರ ಪಾಲು ಬಂದರೆ ಕೆಸರು ತಳಕ್ಕಿಳಿಯಲು ಹೊತ್ತು ಸಿಗುವುದಿಲ್ಲ. ಅದು ನೀರಿನ ಜೊತೆಗೇ ಇಂಗುಗುಂಡಿಗೆ ಹೋಗಿ ಕಲ್ಲಿನ ಸಂದು ಮುಚ್ಚುತ್ತದೆ. ಮೇ ತಿಂಗಳಲ್ಲಿ ಯಾರಿಗೂ ಗೊತ್ತಾಗದು. ಜೂನ್‌ನಲ್ಲಿ ಮಳೆ ಹಿಡಿದು ಸುತ್ತಲ ಮಣ್ಣು ನೆನೆದ ಮೇಲೆ ಗುಂಡಿ ಹಿಂದಕ್ಕೆ ಉಕ್ಕುತ್ತದೆ. ಬಚ್ಚಲ ನೀರಿಗೆ ಬೇರೆ ಕಾಲುವೆ ಮಾಡಿ, ಟ್ಯಾಂಕನ್ನು ಮಾರ್ಚ್‌ನಲ್ಲೇ ಖಾಲಿ ಮಾಡಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ಸಕಲೇಶಪುರ, ಆಲೂರು, ಬೇಲೂರು ಕಡೆ ರಾತ್ರಿಯ ಕ್ಯಾಂಪ್‌ಫೈರ್ ಈಗ ನೆನಪು ಮಾತ್ರ. ಏಪ್ರಿಲ್, ಮೇ ಎಂದರೆ ಹಲಸು ಹಣ್ಣಾಗುವ ಕಾಲ, ಆನೆಗೆ ಆ ವಾಸನೆ ಸಾಕು. ಅಡುಗೆಮನೆ ಸುತ್ತಲಿನ ಹಲಸನ್ನು ಎಳೆಯದರಲ್ಲೇ ಇಳಿಸಿಬಿಡಬೇಕು. ಮಲಗುವ ಕೋಣೆಗೂ ಶೌಚಾಲಯಕ್ಕೂ ನಡುವೆ ಬಯಲಿದ್ದರೆ ಕತ್ತಲಾದ ಮೇಲೆ ಮಕ್ಕಳನ್ನು ಬಿಡುವಂತಿಲ್ಲ. ಕೊಪ್ಪ, ಎನ್.ಆರ್. ಪುರದ ಕಾಡಂಚಿನಲ್ಲಿ ಅದೇ ತಿಂಗಳುಗಳಲ್ಲಿ ಮಂಗನ ಕಾಯಿಲೆ ಹರಡುವ ಉಣ್ಣೆ ಹುಳದ ಭಯ, ಹಾಗಾಗಿ ಚಾರಣಕ್ಕೂ ಕತ್ತರಿ.

ಬರುವ ಮಕ್ಕಳೂ ಚಿಕ್ಕವರಾಗುತ್ತಿದ್ದಾರೆ. 2024ರಿಂದ ಎಸ್ಸೆಸ್ಸೆಲ್ಸಿ, ಪಿಯುಸಿಗೆ ಒಂದರ ಹಿಂದೊಂದು ಸುತ್ತಿನ ಪರೀಕ್ಷೆ. ಮೇಲೆ ಸಿಇಟಿ, ನೀಟ್. ಹಿಂದೆ ಚಿಕ್ಕವರನ್ನು ನೋಡಿಕೊಳ್ಳುತ್ತಿದ್ದ ಹದಿನೇಳರ ಹುಡುಗ, ಹುಡುಗಿಯರು ಈಗ ಕೋಚಿಂಗ್‌ನಲ್ಲಿ. ಅದೇ ಹೊತ್ತಿಗೆ ಕಣ್ಗಾವಲಿಗೆ ಹೆಚ್ಚು ಜನ ಬೇಕಾಗಿದೆ. ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಅನುಮಾನ ಬಂದರೂ ಪೊಲೀಸರಿಗೆ ತಿಳಿಸಲೇಬೇಕು. ಕೈಕೆಳಗಿನವರ ಕೃತ್ಯವನ್ನು ತಿಳಿಸದ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು. ನಮ್ಮೊಳಗೇ ಮಾತಾಡಿ ಮುಗಿಸೋಣ ಎನ್ನುವುದೇ ಈಗ ಅಪರಾಧ. ಅದು ಹೀಗಾಗಬೇಕಾದ್ದೇ, ತಡವಾಯಿತು ಅಷ್ಟೆ. ಆಪ್ತಸಲಹೆ ಬಾಗಿಲು ಹಾಕಿದ ಕೋಣೆಯಲ್ಲಲ್ಲ, ಎಲ್ಲರಿಗೂ ಕಾಣುವ ಜಗಲಿಯಲ್ಲಿ. ಒಂದು ಕೋಣೆಗೆ ಒಬ್ಬ ಮೇಲ್ವಿಚಾರಕರಲ್ಲ, ಇಬ್ಬರು.

2022ರ ರಾಜ್ಯದ ಮತಾಂತರ ನಿಷೇಧ ಕಾಯ್ದೆಯ ನಂತರ ಕಾಗದ ಮತ್ತೂ ಹೆಚ್ಚಿತು. ಅದನ್ನು ಹಿಂಪಡೆಯಲು 2023ರ ಜೂನ್‌ನಲ್ಲಿ ಸಂಪುಟ ತೀರ್ಮಾನಿಸಿದರೂ ರೂಢಿಯಾದ ಎಚ್ಚರ ಹೋಗಿಲ್ಲ. ತಂದೆ ತಾಯಿಯ ಸಹಿ ಇರುವ ಒಪ್ಪಿಗೆ ಪತ್ರದಲ್ಲಿ ಕಾರ್ಯಕ್ರಮದ ಸ್ವರೂಪವನ್ನು ಮುಚ್ಚುಮರೆಯಿಲ್ಲದೆ ಬರೆದು, ಅದರ ಒಂದು ಪ್ರತಿಯನ್ನು ಅವರಿಗೂ ಕೊಡುವುದು ಒಳ್ಳೆಯದು. ಗೆಳೆಯನ ಜೊತೆ ಬಂದುಬಿಟ್ಟ ಪಕ್ಕದ ಮನೆಯ ಹುಡುಗನನ್ನು ಪತ್ರವಿಲ್ಲದೆ ಸೇರಿಸಿಕೊಳ್ಳುತ್ತಿದ್ದ ಕಾಲ ಹೋಯಿತು.

ಇವನ್ನೆಲ್ಲ ಪಾದ್ರಿಗಳನ್ನು ತಯಾರು ಮಾಡುವ ಯಾವ ಸೆಮಿನರಿಯೂ ಕಲಿಸುವುದಿಲ್ಲ. ನೋಡಿ ಕಲಿತವರಿಗೆ ಕೆಲವೇ ವರ್ಷದಲ್ಲಿ ವರ್ಗಾವಣೆ. ಅದು ಬರುವುದೂ ಹೆಚ್ಚಾಗಿ ಮೇ, ಜೂನ್‌ನಲ್ಲೇ. ಹಸ್ತಾಂತರದ ಪಟ್ಟಿಯಲ್ಲಿ ಮಂಚ, ಹಾಸಿಗೆ, ಹಂಡೆ, ಬೀಗದ ಕೈ ಎಲ್ಲಕ್ಕೂ ಲೆಕ್ಕವಿರುತ್ತದೆ. ಯಾವ ವಾಲ್ವ್ ತಿರುಗಿಸಿದರೆ ಯಾವ ಟ್ಯಾಂಕು ತುಂಬುತ್ತದೆ, ಇಂಗುಗುಂಡಿಯ ಚಪ್ಪಡಿ ಎಲ್ಲಿದೆ ಎಂಬುದು ಬರೆದಿರುವುದಿಲ್ಲ. ಹೊಸಬರು ಅದನ್ನು ಹುಡುಕುವುದು ಜೂನ್ ಮಳೆಯಲ್ಲಿ, ಕೊಡೆ ಹಿಡಿದುಕೊಂಡು.